ಅಂಗೈಯ ಸುಣ್ಣ, ಹವಾನಾದ ಹೊಗೆ

ಮುಂಡರಗಿಯ ಬಸ್ ನಿಲ್ದಾಣದಲ್ಲಿ ಕೂತ ಹಿರಿಯರೊಬ್ಬರು ಚಂಚಿಯ ದಾರ ಸಡಿಲಿಸುವುದನ್ನು ಗಮನವಿಟ್ಟು ನೋಡಿ. ಚಂಚಿ ಎಂದರೆ ನಾಲ್ಕೈದು ಅರೆಗಳಿರುವ ಬಟ್ಟೆ ಚೀಲ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ತಂಬಾಕು. ಸುಣ್ಣದ ಡಬ್ಬಿಗೆ ಬೇರೆಯದೇ ಜಾಗ. ಎಡ ಅಂಗೈಗೆ ಚಿಟಿಕೆ ತಂಬಾಕು ಸುರಿದುಕೊಳ್ಳುತ್ತಾರೆ. ಡಬ್ಬಿಯಿಂದ ಉಗುರಿನ ತುದಿಯಷ್ಟು ಸುಣ್ಣ ತೆಗೆದು ಅದಕ್ಕೆ ಹಚ್ಚಿ ಹೆಬ್ಬೆರಳಿನಿಂದ ಗಸಗಸ ತಿಕ್ಕುತ್ತಾರೆ. ನಡುವೆ ಎರಡು ಸಲ ಬಡಿದು ದೂಳು ಹಾರಿಸುತ್ತಾರೆ, ಪಕ್ಕದಲ್ಲಿದ್ದವರು ಸೀನುತ್ತಾರೆ. ಉಳಿದದ್ದು ದವಡೆಯ ಸಂದಿಗೆ ಸೇರುತ್ತದೆ. ಅರ್ಧ ನಿಮಿಷ ಬಿಟ್ಟು, “ಸುಣ್ಣ ಕಮ್ಮಿ ಆಗೇತಿ, ಸಪ್ಪಗೈತಿ” ಎಂದು ಮತ್ತೆ ಡಬ್ಬಿಗೆ ಕೈ ಹಾಕುತ್ತಾರೆ.

ಸಿಗಾರ್ ಸೇದುವವರನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಸಿನಿಮಾದಲ್ಲಿ. ಖಳನಾಯಕ ಬೆರಳು ದಪ್ಪದ ಕಂದು ಕೊಳವೆಯನ್ನು ತುಟಿಗಿಟ್ಟು ಹೊಗೆ ಬಿಡುತ್ತಾನೆ. ಆದರೆ ಸಿಗಾರ್ ಕಲಿಯಲು ಹೊರಟವರಿಗೆ ಬಲ್ಲವರು ಹೇಳಿಕೊಡುವ ಮೊದಲ ಪಾಠ ಸಿನಿಮಾದಲ್ಲಿ ಕಾಣುವುದಿಲ್ಲ. ಹೊಗೆಯನ್ನು ಎದೆಗೆ ಎಳೆಯಬಾರದು. ಬಾಯಿ ತುಂಬಿಕೊಂಡು, ನಾಲಿಗೆಯ ಮೇಲೆ ಹೊರಳಾಡಿಸಿ, ಹೊರಗೆ ಬಿಟ್ಟುಬಿಡಬೇಕು. ಸಿಗರೇಟು, ಬೀಡಿ ಸೇದುವವರು ಎದೆಯಾಳಕ್ಕೆ ಎಳೆಯದಿದ್ದರೆ ಸೇದಿದಂತೆಯೇ ಅಲ್ಲ ಎನ್ನುತ್ತಾರೆ. ಸಿಗಾರಿಗೆ ಮಾತ್ರ ಬಾಯಿಯೇ ಸಾಕು. ಯಾಕೆ?

ಉತ್ತರ ಮುಂಡರಗಿಯ ಆ ಸುಣ್ಣದ ಡಬ್ಬಿಯಲ್ಲಿದೆ. ಹವಾನಾದ ಸಿಗಾರ್ ಮತ್ತು ನಮ್ಮ ಅಂಗೈಯ ತಂಬಾಕು ಎರಡೂ ಒಂದೇ ರಸಾಯನಶಾಸ್ತ್ರದ ಮೇಲೆ ನಿಂತಿವೆ. ಅಲ್ಲಿ ತಿಂಗಳುಗಟ್ಟಲೆ ಎಲೆಯನ್ನು ಹದಮಾಡಿ ಸಾಧಿಸುವುದನ್ನು ಇಲ್ಲಿ ಒಂದು ಉಗುರು ಸುಣ್ಣ ಅರ್ಧ ನಿಮಿಷದಲ್ಲಿ ಸಾಧಿಸುತ್ತದೆ. ಸುಖ ಕೊಡುವುದೂ ಕೇಡು ಮಾಡುವುದೂ ಅದೇ ರಸಾಯನ.

ಮೆಣಸಿನಕಾಯಿಯ ದಾಯಾದಿ

ತಂಬಾಕು ದಕ್ಷಿಣ ಅಮೆರಿಕದ ಗಿಡ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಬದನೆ ಎಲ್ಲ ಇದರ ಸಸ್ಯಕುಟುಂಬದವೇ. ಗದಗದ ಮಿರ್ಚಿ ಬಜ್ಜಿಯೊಳಗಿನ ಖಾರವೂ ತಂಬಾಕಿನ ನಿಕೋಟಿನ್ನೂ ಗಿಡಗಳು ತಮ್ಮ ರಕ್ಷಣೆಗೆ ತಯಾರಿಸಿಕೊಂಡ ವಸ್ತುಗಳು. ಎಲೆ ತಿನ್ನಲು ಬಂದ ಹುಳದ ನರಮಂಡಲವನ್ನು ನಿಕೋಟಿನ್ ಕೆಡಿಸುತ್ತದೆ. ಬೆಳೆಗೆ ಹೇನು ಬಿದ್ದಾಗ ತಂಬಾಕಿನ ಕಷಾಯ ಹೊಡೆಯುವ ರೈತರಿಗೆ ಇದು ಗೊತ್ತಿರುವ ಸಂಗತಿಯೇ. ಮೆಣಸಿನ ಗಿಡವನ್ನು ಅದರ ದಾಯಾದಿಯ ವಿಷದಿಂದಲೇ ಕಾಯುವ ಉಪಾಯ ಅದು.

ಎಲೆಯಲ್ಲಿ ತುಂಬಿರುವ ಈ ವಸ್ತು ಹುಟ್ಟುವುದು ಮಾತ್ರ ಬೇರಿನಲ್ಲಿ. 1942ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ರೇ ಡಾಸನ್ ತಂಬಾಕಿನ ಬುಡಕ್ಕೆ ಟೊಮೆಟೊ ಕುಡಿಯನ್ನೂ, ಟೊಮೆಟೊ ಬುಡಕ್ಕೆ ತಂಬಾಕಿನ ಕುಡಿಯನ್ನೂ ಕಸಿಮಾಡಿ ನೋಡಿದರು. ತಂಬಾಕಿನ ಬೇರಿನ ಮೇಲೆ ಬೆಳೆದ ಟೊಮೆಟೊ ಎಲೆಯಲ್ಲಿ ನಿಕೋಟಿನ್ ತುಂಬಿಕೊಂಡಿತು. ಟೊಮೆಟೊ ಬೇರಿನ ಮೇಲೆ ಬೆಳೆದ ತಂಬಾಕಿನ ಎಲೆ ಹೆಚ್ಚುಕಡಿಮೆ ಖಾಲಿ ಉಳಿಯಿತು. ಬೇರಿನಲ್ಲಿ ತಯಾರಾಗಿ, ಕಾಂಡದ ನೀರಿನ ಜತೆ ಮೇಲೇರಿ ಎಲೆಯಲ್ಲಿ ಶೇಖರವಾಗುತ್ತದೆ ಎಂಬುದು ಹೀಗೆ ಖಚಿತವಾಯಿತು. ನಿಪ್ಪಾಣಿಯ ಸುತ್ತ ಬೀಡಿ ತಂಬಾಕು ಬೆಳೆಯುವವರು ಹೂವು ಬಿಡುವ ಮುಂಚೆ ಕುಡಿ ಚಿವುಟುವುದರ ಹಿಂದೆಯೂ ಇದೇ ಗುಟ್ಟಿದೆ. ಗಾಯದ ಸುದ್ದಿ ಬೇರಿಗೆ ಮುಟ್ಟುತ್ತದೆ, ಬೇರು ಇನ್ನಷ್ಟು ನಿಕೋಟಿನ್ ತಯಾರಿಸುತ್ತದೆ, ಹೂವಿಗೆ ಹೋಗಬೇಕಾದ ಪೋಷಣೆ ಎಲೆಗೆ ಉಳಿಯುತ್ತದೆ.

1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪೋಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ನಿಕೋಟಿನ್ನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ನಮ್ಮ ನರಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ಅಸಿಟೈಲ್‌ಕೋಲಿನ್ ಎಂಬ ಅಣು ಕೂರುವ ಜಾಗದಲ್ಲೇ ನಿಕೋಟಿನ್ ಹೋಗಿ ಕೂರುತ್ತದೆ. ಮಿದುಳು ಚುರುಕಾದಂತೆ, ಮನಸ್ಸು ಹಗುರವಾದಂತೆ ಅನಿಸುತ್ತದೆ. ಪ್ರಮಾಣ ಹೆಚ್ಚಾದರೆ ಮಿದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರ ಕೆರಳುತ್ತದೆ. ಮೊದಲ ಸಲ ತಂಬಾಕು ಹಾಕಿದವರು ತಲೆ ತಿರುಗಿ, ಬೆವರಿ, ಕಟ್ಟೆಯ ಮೇಲೆ ಅಡ್ಡಾಗುವುದು ನಿಕೋಟಿನ್ನಿನ ವಿಷಬಾಧೆ. ಸಣ್ಣ ಪ್ರಮಾಣದ್ದು, ಆದರೆ ವಿಷಬಾಧೆಯೇ.

ಎಲೆ ಸಾಯುವ ಎರಡು ಬಗೆ

ಗಿಡದಿಂದ ಕಿತ್ತ ಎಲೆ ಕೂಡಲೇ ಸಾಯುವುದಿಲ್ಲ. ಅದು ಉಸಿರಾಡುತ್ತಲೇ ಇರುತ್ತದೆ, ಕೂಡಿಟ್ಟ ಪಿಷ್ಟವನ್ನು ಸಕ್ಕರೆ ಮಾಡಿ ಉರಿಸುತ್ತದೆ. ಎಲೆಯನ್ನು ಎಷ್ಟು ಹೊತ್ತು ಹೀಗೆ ಬದುಕಲು ಬಿಡುತ್ತೇವೆ ಎಂಬುದರ ಮೇಲೆ ಅದು ಸಿಗರೇಟಿಗೋ ಸಿಗಾರಿಗೋ ಎಂಬುದು ನಿರ್ಧಾರವಾಗುತ್ತದೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವುದು ಸಿಗರೇಟಿನ ತಂಬಾಕು. ಅಲ್ಲಿ ಎಲೆಯನ್ನು ಬ್ಯಾರನ್ ಎಂದು ಕರೆಯುವ ಎತ್ತರದ ಮನೆಯೊಳಗೆ ತೂಗುಹಾಕಿ, ಹೊರಗೆ ಸೌದೆ ಉರಿಸಿ, ಕೊಳವೆಗಳ ಮೂಲಕ ಶಾಖ ಹಾಯಿಸುತ್ತಾರೆ. ಮೊದಲು ಮೆಲ್ಲಗೆ ಬೆಚ್ಚಗಾಗಿಸಿದಾಗ ಪಿಷ್ಟವೆಲ್ಲ ಸಕ್ಕರೆಯಾಗಿ ಎಲೆ ಹಳದಿ ತಿರುಗುತ್ತದೆ. ಆ ಹೊತ್ತಿಗೆ ಸರಿಯಾಗಿ ಶಾಖವನ್ನು 70 ಡಿಗ್ರಿಯವರೆಗೆ ಏರಿಸಿದರೆ ಎಲೆಯ ಕಿಣ್ವಗಳು ಸಾಯುತ್ತವೆ, ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ವಾರದೊಳಗೆ ಕೆಲಸ ಮುಗಿಯುತ್ತದೆ. ಸಕ್ಕರೆಯುಳ್ಳ ಎಲೆ ಉರಿದಾಗ ಆಮ್ಲಗಳು ಹುಟ್ಟುತ್ತವೆ, ಹೊಗೆ ಹುಳಿಯಾಗುತ್ತದೆ.

ಸಿಗಾರಿನ ಎಲೆಯದು ನಿಧಾನದ ಸಾವು. ಗಾಳಿಯಾಡುವ ಮನೆಯಲ್ಲಿ, ನೆರಳಿನಲ್ಲಿ, ಆರೆಂಟು ವಾರ ತೂಗುಬಿಡುತ್ತಾರೆ. ಎಲೆ ತನ್ನ ಸಕ್ಕರೆಯನ್ನೆಲ್ಲ ತಾನೇ ಉಂಡು ತೀರಿಸಿ ಹಸಿದು ಸಾಯುತ್ತದೆ. ಆಮೇಲೆ ಅದನ್ನು ತೇವಮಾಡಿ ಆಳೆತ್ತರದ ರಾಶಿ ಒಟ್ಟುತ್ತಾರೆ. ಸೂಕ್ಷ್ಮಜೀವಿಗಳೂ ಅಳಿದುಳಿದ ಕಿಣ್ವಗಳೂ ಸೇರಿ ರಾಶಿಯ ಒಳಗನ್ನು 50 ಡಿಗ್ರಿ ದಾಟಿಸುತ್ತವೆ. ಬಿಸಿ ಮಿತಿಮೀರುವ ಮೊದಲು ರಾಶಿ ಒಡೆದು, ಒಳಗಿನದ್ದನ್ನು ಹೊರಗೆ, ಹೊರಗಿನದ್ದನ್ನು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ಈ ಹುದುಗುವಿಕೆಯಲ್ಲಿ ಎಲೆಯ ಪ್ರೋಟೀನುಗಳು ಒಡೆದು ಅಮೋನಿಯಾ ಮೂಗಿಗೆ ಅಡರುವಷ್ಟು ಹೊರಬರುತ್ತದೆ. ಅಮೋನಿಯಾ ಕ್ಷಾರ. ಸಕ್ಕರೆ ಹೋಗಿ ಕ್ಷಾರ ಉಳಿದ ಎಲೆಯ ಹೊಗೆಯೂ ಕ್ಷಾರದ ಕಡೆಗೆ ವಾಲುತ್ತದೆ.

ಸಿಗರೇಟಿನದು ಹುಳಿ ಹೊಗೆ, ಸಿಗಾರಿನದು ಕ್ಷಾರ ಹೊಗೆ. ಎದೆಗೋ ಬಾಯಿಗೋ ಎಂಬ ಪ್ರಶ್ನೆಗೆ ಉತ್ತರ ಈ ವ್ಯತ್ಯಾಸದಲ್ಲಿದೆ.

ಅರಿಷಿಣ ಹೇಳುವ ಸಾಕ್ಷಿ

ನಿಕೋಟಿನ್ ಅಣುವಿಗೆ ಎರಡು ವೇಷಗಳಿವೆ. ಹುಳಿ ವಾತಾವರಣದಲ್ಲಿ ಅದು ಒಂದು ಪ್ರೋಟಾನನ್ನು ಅಂಟಿಸಿಕೊಂಡು ವಿದ್ಯುದಂಶ ಪಡೆಯುತ್ತದೆ. ಕ್ಷಾರದಲ್ಲಿ ಆ ಪ್ರೋಟಾನು ಕಳಚಿ ತಟಸ್ಥವಾಗುತ್ತದೆ. ನಮ್ಮ ಗಲ್ಲದ ಒಳಪೊರೆಯ ಜೀವಕೋಶಗಳಿಗೆ ಕೊಬ್ಬಿನ ಹೊದಿಕೆಯಿದೆ. ಎಣ್ಣೆಯಲ್ಲಿ ಉಪ್ಪು ಕರಗದ ಹಾಗೆ ವಿದ್ಯುದಂಶ ಹೊತ್ತ ಅಣು ಆ ಹೊದಿಕೆಯನ್ನು ಹೊಗುವುದಿಲ್ಲ. ತಟಸ್ಥ ಅಣು ಸಲೀಸಾಗಿ ದಾಟಿ ರಕ್ತ ಸೇರುತ್ತದೆ.

ಎಷ್ಟು ಪಾಲು ತಟಸ್ಥ ಎಂಬುದನ್ನು ಹುಳಿ-ಕ್ಷಾರಗಳ ಅಳತೆಯಾದ ಪಿಎಚ್‌ನಿಂದ ಲೆಕ್ಕ ಹಾಕಬಹುದು. ಪಿಎಚ್ 6 ಇದ್ದರೆ ನೂರರಲ್ಲಿ ಒಂದು ಅಣು ಮಾತ್ರ ತಟಸ್ಥ. 7ಕ್ಕೆ ಏರಿದರೆ ಒಂಬತ್ತು. 8 ಆದರೆ ಸರಿಸುಮಾರು ಅರ್ಧ. 9ಕ್ಕೆ ತೊಂಬತ್ತು. ಸಿಗರೇಟಿನ ಹೊಗೆ 6ರ ಆಸುಪಾಸಿನಲ್ಲಿ ಇರುತ್ತದೆ. ಬಾಯಲ್ಲಿ ಎಷ್ಟು ಹೊತ್ತು ಇಟ್ಟುಕೊಂಡರೂ ಹೆಚ್ಚೇನೂ ದಕ್ಕುವುದಿಲ್ಲ. ಗಂಟಲಿಗೆ ಅಷ್ಟಾಗಿ ಉರಿ ಮಾಡದ ಕಾರಣ ಅದನ್ನು ಎದೆಗೆ ಎಳೆಯಬಹುದು. ಶ್ವಾಸಕೋಶದ ಹರವು ಬಲು ದೊಡ್ಡದು, ಅಲ್ಲಿನ ದ್ರವದ ಪಿಎಚ್ 7.4ರ ಸುತ್ತ ಇರುತ್ತದೆ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ತಲುಪುತ್ತದೆ. ಸಿಗಾರಿನ ಹೊಗೆ 8ನ್ನೂ ದಾಟಬಲ್ಲದು. ಅದನ್ನು ಎದೆಗೆ ಎಳೆದರೆ ಕೆಮ್ಮು ಕಿತ್ತುಕೊಂಡು ಬರುತ್ತದೆ, ಎಳೆಯುವ ಅಗತ್ಯವೂ ಇಲ್ಲ. ಗಲ್ಲವೇ ಹೀರಿಕೊಳ್ಳುತ್ತದೆ, ನಿಧಾನವಾಗಿ, ಬಹಳ ಹೊತ್ತು.

ಈಗ ಸುಣ್ಣದ ಡಬ್ಬಿಗೆ ಬನ್ನಿ. ಸುಣ್ಣದ ತಿಳಿನೀರಿನ ಪಿಎಚ್ 12ಕ್ಕೂ ಮೇಲೆ. ಒಂದು ಉಗುರು ಸುಣ್ಣ ಬಿದ್ದರೆ ಅಂಗೈಯ ತಂಬಾಕಿನಲ್ಲಿ ವಿದ್ಯುದಂಶ ಹೊತ್ತು ಕೂತಿದ್ದ ನಿಕೋಟಿನ್ ಬಹುಪಾಲು ತಟಸ್ಥವಾಗಿ ಬಿಡುಗಡೆಯಾಗುತ್ತದೆ. ಸುಣ್ಣ ಕಮ್ಮಿಯಾದರೆ ತಂಬಾಕು ಸಪ್ಪಗೆ ಅನಿಸುವುದಕ್ಕೆ ಕಾರಣ ಇದೇ. ತಿಕ್ಕುವುದರಿಂದ ಎಲೆಯ ಕೋಶಗಳು ಒಡೆದು ಸುಣ್ಣ ಒಳಗಿಳಿಯುತ್ತದೆ. ರಸವನ್ನು ನುಂಗದೆ ದವಡೆಯಲ್ಲೇ ಇಟ್ಟುಕೊಳ್ಳುವುದಕ್ಕೂ ಅರ್ಥವಿದೆ. ಹೊಟ್ಟೆಯ ಆಮ್ಲದಲ್ಲಿ ನಿಕೋಟಿನ್ ಮತ್ತೆ ವಿದ್ಯುದಂಶ ಹೊತ್ತು ಕೂರುತ್ತದೆ. ಕರುಳಿನಲ್ಲಿ ಹೀರಿಕೊಂಡದ್ದರ ಬಹುಪಾಲನ್ನು ಪಿತ್ತಜನಕಾಂಗ ಮೊದಲ ಸುತ್ತಿನಲ್ಲೇ ಒಡೆದು ಹಾಕುತ್ತದೆ. ಗಲ್ಲದಿಂದ ಹೋದದ್ದು ಈ ಎರಡನ್ನೂ ತಪ್ಪಿಸಿಕೊಂಡು ನೇರ ರಕ್ತಕ್ಕೆ ಸೇರುತ್ತದೆ.

ಇದನ್ನು ಕಣ್ಣಾರೆ ನೋಡಲು ತಂಬಾಕು ಬೇಕಿಲ್ಲ, ಅರಿಷಿಣ ಸಾಕು. ಒಂದು ಬಟ್ಟಲು ನೀರಿಗೆ ಚಿಟಿಕೆ ಅರಿಷಿಣ ಕದಡಿ. ನಿಂಬೆರಸ ಹಿಂಡಿದರೆ ಹಳದಿ ಹಾಗೇ ಇರುತ್ತದೆ. ಕಡ್ಡಿಯ ತುದಿಯಷ್ಟು ಸುಣ್ಣ ಅದ್ದಿದರೆ ಕೆಂಪಾಗುತ್ತದೆ. ಆರತಿ ತಟ್ಟೆಯ ಕೆಂಪು ನೀರು ಹೀಗೆಯೇ ತಯಾರಾಗುವುದು. ಅರಿಷಿಣದ ಬಣ್ಣ ತಿರುಗುವುದು ಪಿಎಚ್ 7.4ರಿಂದ 8.6ರ ನಡುವೆ. ನಿಕೋಟಿನ್ ಅರ್ಧಕ್ಕರ್ಧ ಬಿಡುಗಡೆಯಾಗುವ ಮಟ್ಟ, ಅಂದರೆ 8, ಸರಿಯಾಗಿ ಇದರ ನಡುವಿಗೆ ಬರುತ್ತದೆ. ಅರಿಷಿಣದ ನೀರು ಪೂರ್ತಿ ಕೆಂಪಾಗುವಷ್ಟು ಕ್ಷಾರವಿದ್ದರೆ ನಿಕೋಟಿನ್ ಗಲ್ಲವನ್ನು ದಾಟಲು ಸಜ್ಜಾಗಿದೆ ಎಂದೇ ಲೆಕ್ಕ.

ಸುಣ್ಣ ಮೊದಲು, ತಂಬಾಕು ಆಮೇಲೆ

ಸುಣ್ಣ-ತಂಬಾಕಿನ ಈ ಜೋಡಿ ನಮ್ಮ ಸೀಮೆಯಲ್ಲಿ ಕೂಡಿದ್ದಕ್ಕೆ ಸಾಕಷ್ಟು ಕಾರಣಗಳಿವೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ಉಪಭೋಗಗಳಿಗೆ ಒಂದು ಭಾಗವೇ ಮೀಸಲು. ತಾಂಬೂಲದ ಭೋಗ, ಧೂಪದ ಭೋಗ ಎರಡಕ್ಕೂ ಅಲ್ಲಿ ಪ್ರತ್ಯೇಕ ಪ್ರಕರಣಗಳಿವೆ. ತಂಬಾಕಿನ ಸುಳಿವೇ ಇಲ್ಲ, ಇರಲು ಸಾಧ್ಯವೂ ಇರಲಿಲ್ಲ. ಕೊಲಂಬಸ್ ಕ್ಯೂಬಾ ಮುಟ್ಟಿದ್ದು 1492ರಲ್ಲಿ. ತಂಬಾಕು ಬರುವುದಕ್ಕೆ ನಾಲ್ಕಾರು ಶತಮಾನಗಳ ಹಿಂದೆಯೇ ಗದಗ, ಲಕ್ಷ್ಮೇಶ್ವರಗಳ ಸೀಮೆಯಲ್ಲಿ ಎಲೆ-ಅಡಿಕೆಯ ಜತೆ ಸುಣ್ಣ ಬಾಯಿಗೆ ಬೀಳುತ್ತಿತ್ತು. ಅಡಿಕೆಯ ಅರಿಕೋಲಿನ್ ಎಂಬ ವಸ್ತುವೂ ನಿಕೋಟಿನ್ನಿನಂತೆ ಕ್ಷಾರದಲ್ಲಿ ಬಿಡುಗಡೆಯಾಗುವಂಥದ್ದು. ಎಲೆ-ಅಡಿಕೆ ಕೆಂಪಾಗುವುದೂ ಅಡಿಕೆಯ ಒಗರು ವಸ್ತುಗಳು ಸುಣ್ಣದ ಕ್ಷಾರದಲ್ಲಿ ಬಣ್ಣ ತಿರುಗುವುದರಿಂದ.

ತಂಬಾಕು ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿತು. ಅಕ್ಬರನ ದೂತನಾಗಿ ದಖ್ಖನಿಗೆ ಬಂದಿದ್ದ ಅಸದ್ ಬೇಗ್ 1604ರ ಸುಮಾರಿಗೆ ಬಿಜಾಪುರದಲ್ಲಿ ಅದನ್ನು ಕಂಡ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲ ಅದು. ಅಸದ್ ಬೇಗ್ ತಂಬಾಕಿನ ಜತೆ ರತ್ನ ಕೆತ್ತಿಸಿದ ಕೊಳವೆಯೊಂದನ್ನು ಅಕ್ಬರನ ಮುಂದಿಟ್ಟ. ಬಾದಶಹ ಒಂದೆರಡು ಸಲ ಎಳೆದ, ಆಸ್ಥಾನದ ವೈದ್ಯ ತಡೆದ. ಈ ಪ್ರಸಂಗವನ್ನು ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಜಹಾಂಗೀರ 1617ರಲ್ಲಿ ತಂಬಾಕನ್ನು ನಿಷೇಧಿಸಿದ, ನಿಷೇಧ ಹೆಚ್ಚು ಕಾಲ ಬಾಳಲಿಲ್ಲ. ಹೊಸ ಸೊಪ್ಪು ದಿಲ್ಲಿ-ಆಗ್ರಾ ಸೀಮೆ ಸೇರುವ ಮೊದಲು ಕಾಲೂರಿದ್ದು ಬಿಜಾಪುರದ ನೆಲದಲ್ಲಿ, ಲಕ್ಷ್ಮೇಶ್ವರ ಆಗ ಅದೇ ರಾಜ್ಯದ ಭಾಗ.

ಹೊಗೆಗೆ ಚಿಲಿಮೆಯೋ ಹುಕ್ಕಾವೋ ಬೇಕು. ಬಾಯಿಗೆ ಹಾಕುವವರಿಗೆ ಹೊಸದಾಗಿ ಏನೂ ಬೇಕಿರಲಿಲ್ಲ, ಸುಣ್ಣ ಆಗಲೇ ಚಂಚಿಯಲ್ಲಿತ್ತು. ಸವಣೂರಿನ ಎಲೆಗೆ, ಮಲೆನಾಡಿನ ಅಡಿಕೆಗೆ ಹಚ್ಚುತ್ತಿದ್ದ ಸುಣ್ಣವೇ ತಂಬಾಕಿಗೂ ಒದಗಿತು. ಭಾರತದಲ್ಲಿ ತಂಬಾಕು ಹೊಗೆಗಿಂತ ಹೆಚ್ಚಾಗಿ ಬಾಯಿಯ ಚಟವಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 21.4ರಷ್ಟು ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ 10.7.

ಸಿಗಾರ್ ಎಂಬ ನಿಧಾನ

ಸಿಗಾರಿನ ಪರಿಚಯಕ್ಕೆ ಮೊದಲು ಅದರ ಮೂರು ಪದರ ತಿಳಿದಿರಬೇಕು. ಒಳಗೆ ಉದ್ದುದ್ದ ಮಡಿಸಿದ ತಿರುಳೆಲೆಗಳು, ಅವನ್ನು ಬಿಗಿಹಿಡಿಯುವ ಕಟ್ಟೆಲೆ, ಎಲ್ಲಕ್ಕೂ ಮೇಲೆ ತೆಳ್ಳಗೆ, ಕಲೆಯಿಲ್ಲದೆ, ನಯವಾಗಿರುವ ಹೊದಿಕೆ ಎಲೆ. ಬಿಸಿಲು ಕಡಿಮೆ ಬಿದ್ದಷ್ಟೂ ಎಲೆ ತೆಳ್ಳಗಾಗುವುದರಿಂದ ಹೊದಿಕೆ ಎಲೆಯನ್ನು ಎಷ್ಟೋ ಕಡೆ ಬಟ್ಟೆಯ ಚಪ್ಪರದಡಿ ಬೆಳೆಯುತ್ತಾರೆ. ಬೀಡಿಯೊಳಗೆ ಇರುವುದು 0.2 ಗ್ರಾಂ ಆಸುಪಾಸಿನ ತಂಬಾಕು, ಹೊರಗಿನದು ತೆಂದು ಮರದ ಎಲೆ. ದೊಡ್ಡ ಸಿಗಾರಿನಲ್ಲಿ ಒಂದು ಪೊಟ್ಟಣ ಸಿಗರೇಟಿನಷ್ಟು ತಂಬಾಕು ಇರಬಹುದು. ಮುಗಿಯಲು ಗಂಟೆಯ ಮೇಲೆ ಹಿಡಿಯುತ್ತದೆ.

ನಮ್ಮ ನೆರೆಯಲ್ಲಿ ಸಿಗಾರಿಗೆ ಹತ್ತಿರದ ಸರಕೆಂದರೆ ತಮಿಳುನಾಡಿನ ತಿರುಚಿನಾಪಳ್ಳಿ, ದಿಂಡಿಗಲ್ ಕಡೆಯ ಚುಟ್ಟಾ. 1887ರಲ್ಲಿ ಬಂದ ಮೊದಲ ಕಾದಂಬರಿಯಲ್ಲೇ ಪತ್ತೇದಾರ ಷರ್ಲಾಕ್ ಹೋಮ್ಸ್ ಕೋಣೆಯಲ್ಲಿ ಬಿದ್ದ ಬೂದಿ ನೋಡಿ ಅದು ತಿರುಚಿನಾಪಳ್ಳಿಯದು ಎನ್ನುತ್ತಾನೆ. ಬೂದಿಯಿಂದ ತಂಬಾಕಿನ ಬಗ್ಗೆ ಕೆಲವು ವಿಷಯ ನಿಜವಾಗಿಯೂ ತಿಳಿಯುತ್ತವೆ. ಪೊಟ್ಯಾಸಿಯಂ ಚೆನ್ನಾಗಿದ್ದರೆ ಎಲೆ ಕೆಂಡ ಹಿಡಿದು ಸಮವಾಗಿ ಉರಿಯುತ್ತದೆ. ಕ್ಲೋರಿನ್ ಅಂಶ ಹೆಚ್ಚಿದ್ದರೆ ಪದೇಪದೇ ಆರುತ್ತದೆ. ಹೊಲಕ್ಕೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬಿಟ್ಟು ಸಲ್ಫೇಟ್ ಆಫ್ ಪೊಟ್ಯಾಷ್ ಹಾಕಿ ಎಂದು ತಂಬಾಕು ಬೆಳೆಗಾರರಿಗೆ ಸಲಹೆ ಕೊಡುವುದು ಇದಕ್ಕಾಗಿಯೇ.

ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಗದಗದಂಥ ಒಣ ಸೀಮೆಗೆ ಯಾರಾದರೂ ಸಿಗಾರ್ ತಂದರೆ ಮೊದಲ ಸಮಸ್ಯೆ ತೇವದ್ದು. ತಂಬಾಕಿನ ಎಲೆ ಗಾಳಿಯ ತೇವವನ್ನು ಹೀರುತ್ತದೆ, ಗಾಳಿ ಒಣಗಿದರೆ ತಾನೂ ಬಿಡುತ್ತದೆ. ಅದಕ್ಕೆ ಸರಿಹೊಂದುವುದು ಶೇ 65ರಿಂದ 70ರ ತೇವಾಂಶ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗೆ ಇಟ್ಟರೆ ಹೊದಿಕೆ ಎಲೆ ಬಿರಿದು, ಹೊಗೆ ಬಿಸಿಯಾಗಿ, ಬಾಯಿ ಸುಡುತ್ತದೆ. ಹಾಗಾಗಿ ಅದನ್ನು ತೇವ ಕಾಯುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಪೆಟ್ಟಿಗೆಯ ತೇವಮಾಪಕ ಸುಳ್ಳು ಹೇಳುತ್ತಿದೆಯೇ ಎಂದು ಪರೀಕ್ಷಿಸಲು ಅಡುಗೆ ಉಪ್ಪು ಸಾಕು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಒಂದು ಚಮಚ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ, ಕೆಸರಿನಂತಾದ ಮೇಲೆ ಮಾಪಕವನ್ನು ಜತೆಗಿಟ್ಟು ಮುಚ್ಚಿಬಿಡಿ. ಮರುದಿನ ನೋಡಿದರೆ ಅದು ಶೇ 75 ತೋರಿಸಬೇಕು. ಒದ್ದೆ ಉಪ್ಪು ತನ್ನ ಮೇಲಿನ ಗಾಳಿಯನ್ನು ಬೇಸಿಗೆಯಿರಲಿ ಚಳಿಯಿರಲಿ ಅದೇ ಮಟ್ಟದಲ್ಲಿ ಹಿಡಿದಿಡುತ್ತದೆ.

ಪೆಟ್ಟಿಗೆಗೆ ಬಳಸುವ ಮರಕ್ಕೆ ಸ್ಪ್ಯಾನಿಷ್ ಸೀಡರ್ ಎಂಬ ಹೆಸರಿದ್ದರೂ ಅದು ಬೇವಿನ ಕುಟುಂಬದ ಮರ. ಜೋಳದ ಚೀಲಕ್ಕೆ ಬೇವಿನ ಎಲೆ ಹಾಕುವವರಿಗೆ ಅದರ ಉಪಯೋಗ ವಿವರಿಸಬೇಕಿಲ್ಲ. ಸಿಗಾರಿನಲ್ಲಿ ತೂತು ಕೊರೆಯುವ ಕಂದು ದುಂಬಿ ನಮ್ಮಲ್ಲಿ ಶೇಖರಿಸಿಟ್ಟ ಒಣಮೆಣಸಿನಕಾಯಿ, ಅರಿಷಿಣ, ಕೊತ್ತಂಬರಿಗಳನ್ನೂ ಕೊರೆಯುವ ಹುಳವೇ. ತೇವ ಮತ್ತು ಬಿಸಿ ಕೂಡಿದರೆ ಅದರ ಮೊಟ್ಟೆ ಒಡೆಯುತ್ತದೆ, ತಂಪು ಕಂಡರೆ ಅಡಗುತ್ತದೆ.

ಸೇದುವ ಕ್ರಮದಲ್ಲೂ ವಿಜ್ಞಾನವಿದೆ. ನಿಮಿಷಕ್ಕೊಂದು ಸಲ ಮೆಲ್ಲಗೆ ಎಳೆಯಬೇಕು ಎಂಬುದು ನಿಯಮ. ಆತುರದಲ್ಲಿ ಎಳೆದರೆ ಕೆಂಡದ ಶಾಖ ಏರಿ ಪರಿಮಳದ ವಸ್ತುಗಳು ಸುಟ್ಟುಹೋಗುತ್ತವೆ, ಘಾಟು ಉಳಿಯುತ್ತದೆ. ಪರಿಮಳಕ್ಕೆ ಕಾರಣಗಳಲ್ಲಿ ಒಂದು ಎಲೆಯ ಹಳದಿ ಬಣ್ಣದ ಕೆರೋಟಿನಾಯ್ಡುಗಳು. ಹದಗೊಳ್ಳುವಾಗ ಇವು ಒಡೆದು ಹುಟ್ಟುವ ವಸ್ತುಗಳಲ್ಲಿ ಕೆಲವು ಗುಲಾಬಿಯಲ್ಲೂ ಚಹಾದಲ್ಲೂ ಇವೆ. ನಾಲಿಗೆ ಗುರುತಿಸುವುದು ಕಹಿ, ಸಿಹಿ, ಉಪ್ಪಿನಂಥ ನಾಲ್ಕೈದು ರುಚಿಗಳನ್ನು ಮಾತ್ರ. ಉಳಿದದ್ದು ಮೂಗಿನ ಕೆಲಸ. ಬಾಯಿಯ ಹೊಗೆಯಲ್ಲಿ ಸ್ವಲ್ಪವನ್ನು ಮೂಗಿನ ಹಿಂಬದಿಯಿಂದ ಹೊರಬಿಟ್ಟರೆ ಕಾಫಿ, ತೊಗಲು, ಮಣ್ಣು ಎಂದೆಲ್ಲ ಬಲ್ಲವರು ಹೆಸರಿಸುವ ವಾಸನೆಗಳು ತಿಳಿಯುತ್ತವೆ. ಸಿಗಾರ್ ಸುಡುತ್ತ ಬಂದಂತೆ ನಿಕೋಟಿನ್ನೂ ಅಮೋನಿಯಾವೂ ಉಳಿದ ತುಂಡಿನಲ್ಲಿ ಕೂಡಿಕೊಳ್ಳುತ್ತವೆ, ಹೊಗೆ ಇನ್ನಷ್ಟು ಕ್ಷಾರವಾಗುತ್ತದೆ. ಹೊಸಬರು ತಲೆ ತಿರುಗಿ ಕೂರುವುದು ಹೆಚ್ಚಾಗಿ ಈ ಕೊನೆಯ ಭಾಗದಲ್ಲಿ. ಉಂಡ ಮೇಲೆ ಸೇದು, ಸಣ್ಣದನ್ನು ಆರಿಸಿಕೊ, ಮೂರನೆಯ ಒಂದು ಭಾಗ ಬಿಟ್ಟುಬಿಡು ಎಂಬ ಬುದ್ಧಿಮಾತು ಇದರಿಂದ ಬಂದದ್ದು.

ಮೂರು ಬೆರಳಿನ ಪರೀಕ್ಷೆ

ಎದೆಗೆ ಎಳೆಯದಿದ್ದರೆ ಕೇಡಿಲ್ಲ ಎಂಬ ಮಾತು ಸಿಗಾರಿನ ಸುತ್ತ ಮೊದಲಿನಿಂದ ಇದೆ. ಅದು ಅರ್ಧಸತ್ಯ ಕೂಡ ಅಲ್ಲ. ಶ್ವಾಸಕೋಶದ ಅಪಾಯ ಸಿಗರೇಟಿಗಿಂತ ಕಡಿಮೆ ಇರಬಹುದು. ಬಾಯಿ, ಧ್ವನಿಪೆಟ್ಟಿಗೆ, ಅನ್ನನಾಳಗಳ ಕ್ಯಾನ್ಸರು ಎಳೆಯದವರಿಗೂ ಬರುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರ ವರದಿಯಲ್ಲೇ ಹೇಳಿದೆ.

ಎಲೆಗೆ ಪರಿಮಳ ತರುವ ಹುದುಗುವಿಕೆಯಲ್ಲೇ ಕೇಡಿನ ಮೂಲವೂ ಇದೆ. ಎಲೆಯ ನೈಟ್ರೇಟನ್ನು ಸೂಕ್ಷ್ಮಜೀವಿಗಳು ನೈಟ್ರೈಟ್ ಮಾಡುತ್ತವೆ. ಅದು ನಿಕೋಟಿನ್ ಮತ್ತು ಅದರ ಬಳಗದ ವಸ್ತುಗಳ ಜತೆ ಕೂಡಿ ನೈಟ್ರೋಸಮೀನುಗಳು ಹುಟ್ಟುತ್ತವೆ. ತಂಬಾಕಿಗೇ ವಿಶಿಷ್ಟವಾದ ಇವುಗಳಲ್ಲಿ ಎರಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ಪಟ್ಟಿಯಲ್ಲಿ ಇರಿಸಿದೆ. ಅವು ಹುಟ್ಟಲು ಬೆಂಕಿ ಬೇಡ, ದವಡೆಯಲ್ಲಿಟ್ಟ ತಂಬಾಕಿನಲ್ಲೂ ಇವೆ. ಸುಣ್ಣ ಒಳಪೊರೆಯನ್ನು ಸುಟ್ಟು ಸವೆಸಿ ಅವುಗಳಿಗೆ ದಾರಿ ಮಾಡಿಕೊಡುತ್ತದೆ. ನಮ್ಮಲ್ಲಿ ಬಾಯಿ ಕ್ಯಾನ್ಸರು ಹೆಚ್ಚಾಗಿ ಗಲ್ಲ ಮತ್ತು ಒಸಡಿನ ಸಂದಿಯಲ್ಲಿ, ಅಂದರೆ ತಂಬಾಕನ್ನು ಇಟ್ಟುಕೊಳ್ಳುವ ಜಾಗದಲ್ಲೇ, ಕಾಣಿಸಿಕೊಳ್ಳುವುದು ಕಾಕತಾಳೀಯವಲ್ಲ. 2004ರಲ್ಲಿ ಅದೇ ಸಂಸ್ಥೆ ತಂಬಾಕಿಲ್ಲದ ಅಡಿಕೆಯನ್ನೂ ಆ ಪಟ್ಟಿಗೆ ಸೇರಿಸಿತು.

ಅಡಿಕೆಯಿಂದ ಗಲ್ಲದ ಒಳಗೆ ನಾರು ಬೆಳೆದು ಬಾಯಿ ಬಿಗಿಯುವ ಕಾಯಿಲೆ ಗುಟ್ಕಾ ತಿನ್ನುವ ಹುಡುಗರಲ್ಲೂ ಕಂಡುಬರುತ್ತದೆ. ಪರೀಕ್ಷೆ ಸುಲಭ. ತೋರುಬೆರಳು, ನಡುಬೆರಳು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ನೆಟ್ಟಗೆ ಹಿಡಿದು ಮೇಲಿನ, ಕೆಳಗಿನ ಮುಂಬಲ್ಲುಗಳ ನಡುವೆ ತೂರಿಸಿ. ಸಾಮಾನ್ಯವಾಗಿ ಮೂರೂ ಹಿಡಿಸುತ್ತವೆ. ಎರಡಕ್ಕೇ ನಿಂತರೆ, ಇಲ್ಲವೆ ಮಾಮೂಲಿ ಸಾರು ನಾಲಿಗೆಗೆ ಉರಿ ಅನಿಸತೊಡಗಿದರೆ, ಗಲ್ಲದೊಳಗೆ ಬಿಳಿ ಮಚ್ಚೆ ಕಂಡರೆ, ದಂತವೈದ್ಯರಿಗೆ ತೋರಿಸಲು ತಡಮಾಡಬಾರದು. ಈ ಹಂತದಲ್ಲಿ ಹಿಡಿದರೆ ಉಳಿಯುವುದು ಬಹಳ.

ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಗಳಲ್ಲಿ ಅದು ಎರಡು ಚೀಟಿಯಾಗಿ ಒಡೆಯಿತು, ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ತಂಬಾಕು. ಕೂಡಿಸುವ ಕೆಲಸ ಗಿರಾಕಿಯದು. ಡಬ್ಬಿಯಲ್ಲಿ ಸುಣ್ಣ ಕಾಣದಿದ್ದರೂ ಚೀಟಿಯ ಸರಕಿನಲ್ಲಿ ಕ್ಷಾರ ಮೊದಲೇ ಸೇರಿಕೊಂಡಿರುತ್ತದೆ, ರಸಾಯನ ಬದಲಾಗಿಲ್ಲ.

ಬಿಡುವುದಕ್ಕೂ ಅದೇ ದಾರಿ

ಈ ರಸಾಯನವನ್ನು ಒಳ್ಳೆಯದಕ್ಕೆ ತಿರುಗಿಸಿದವರು ಸ್ವೀಡನ್ನಿನವರು. ಜಲಾಂತರ್ಗಾಮಿ ನೌಕೆಗಳಲ್ಲಿ ಸೇದಲಾಗದ ನಾವಿಕರು ಬಾಯಿ ತಂಬಾಕಿಗೆ ಹೊರಳಿದ್ದನ್ನು ಕಂಡು, ಔಷಧ ತಜ್ಞ ಓವೆ ಫೆರ್ನೋ ನಿಕೋಟಿನ್ ಗಮ್ ರೂಪಿಸತೊಡಗಿದರು. 1978ರಲ್ಲಿ ಅದು ಮೊದಲು ಸ್ವಿಟ್ಜರ್ಲೆಂಡಿನಲ್ಲಿ ಔಷಧವಾಗಿ ನೋಂದಣಿಯಾಯಿತು. ಚಟಕ್ಕೆ ಸಿಲುಕಿದ ಮಿದುಳಿಗೆ ನಿಕೋಟಿನ್ನನ್ನು ಹೊಗೆಯಿಲ್ಲದೆ, ನೈಟ್ರೋಸಮೀನಿನ ಸೊಪ್ಪಿಲ್ಲದೆ ಕೊಟ್ಟು ಮೆಲ್ಲಗೆ ಕಡಿಮೆ ಮಾಡುತ್ತ ಬರುವುದು ಇದರ ಉಪಾಯ. ಗಮ್‌ನೊಳಗೆ ಸೋಡಿಯಂ ಕಾರ್ಬೋನೇಟ್‌ನಂಥ ಸೌಮ್ಯ ಕ್ಷಾರ ಬೆರೆಸಿರುತ್ತಾರೆ. ಡಬ್ಬಿಯ ಸುಣ್ಣ ಮಾಡುವ ಕೆಲಸವನ್ನೇ ಅದು ಸುಡದೆ ಮಾಡುತ್ತದೆ.

ಹಲವರು ಇದನ್ನು ಚ್ಯೂಯಿಂಗ್ ಗಮ್ ಹಾಗೆ ಅಗಿದು ರಸ ನುಂಗಿ, ಬಿಕ್ಕಳಿಕೆ ಬರಿಸಿಕೊಂಡು, ಉಪಯೋಗವಿಲ್ಲ ಎಂದು ಬಿಟ್ಟುಬಿಡುತ್ತಾರೆ. ನಿಧಾನವಾಗಿ ಅಗಿಯಬೇಕು, ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ದವಡೆಯ ಸಂದಿಗೆ ಇಟ್ಟುಕೊಳ್ಳಬೇಕು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ತಂಬಾಕು ಹಾಕಿ ರೂಢಿಯಿದ್ದವರಿಗೆ ಇದು ಬೇಗ ಒಗ್ಗುತ್ತದೆ. ಬಾಯಿ ಹುಳಿಯಾಗಿದ್ದರೆ ಮಾತ್ರ ಗಮ್ ಸೋಲುತ್ತದೆ. ಕಾಫಿ, ಕೋಲಾ, ಹಣ್ಣಿನ ರಸದಂಥವು ಬಾಯಿಯ ಪಿಎಚ್ ಇಳಿಸುತ್ತವೆ, ನಿಕೋಟಿನ್ ಗಲ್ಲ ದಾಟದೆ ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ನಿಂಬೆಹುಳಿ ಹಿಂಡಿದ ಗಿರ್ಮಿಟ್ಟು ತಿಂದು, ಚಹಾ ಕುಡಿದ ಮೇಲೆ ಹದಿನೈದು ನಿಮಿಷ ಬಿಟ್ಟು ಗಮ್ ಹಾಕಿಕೊಳ್ಳಿ. ಎಷ್ಟು ಮಿಲಿಗ್ರಾಮಿನದು, ದಿನಕ್ಕೆ ಎಷ್ಟು, ಎಷ್ಟು ವಾರ ಎಂಬುದನ್ನು ವೈದ್ಯರಲ್ಲಿ ಕೇಳಿ. ತಂಬಾಕು ಬಿಡುವವರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ಹಣ ಹತ್ತುವುದಿಲ್ಲ.